ಅದೇ ಹಡಗು, ಅದೇ ರೂಟು, ಎರಡನೇ ಸಲ ಯಾಕಿಷ್ಟು ಸಪ್ಪೆ? ಕ್ಯಾಪ್ಟನ್ ಬದಲಾದ್ರೆ ಇಷ್ಟು ವ್ಯತ್ಯಾಸ ಆಗುತ್ತಾ?

ಸಿಯಾಟಲ್_ಸೊಸೆ:

ನಮಸ್ಕಾರ ಎಲ್ರಿಗೂ. ಹಡಗಲ್ಲಿ ಕೆಲಸ ಮಾಡಿರೋರು, ಇಲ್ಲಾ ಕ್ರೂಸ್ ಜಾಸ್ತಿ ಸುತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ.

ಹೋದ ವರ್ಷ ನಮ್ಮಪ್ಪ ಅಮ್ಮ ಬಂದಿದ್ದಾಗ ಇಲ್ಲಿಂದ ಅಲಾಸ್ಕಾ ಕ್ರೂಸಿಗೆ ಕರ್ಕೊಂಡು ಹೋಗಿದ್ವಿ. ಜೂನೋ, ಸ್ಕ್ಯಾಗ್ವೇ, ಕೆಚಿಕನ್, ಮಧ್ಯೆ ಗ್ಲೇಸಿಯರ್ ಬೇ, ಊರಿಂದ ಅಪ್ಪ ಅಮ್ಮ ಬಂದ್ರೆ ಎಲ್ರೂ ಮಾಡ್ಸೋ ಅದೇ ಒಂದು ವಾರದ್ದು. ಅದೆಷ್ಟು ಚೆನ್ನಾಗಿತ್ತು ಅಂದ್ರೆ ಅಮ್ಮ ಮೈಸೂರಿಗೆ ವಾಪಸ್ ಹೋಗಿ ವಠಾರಕ್ಕೆಲ್ಲಾ ಹೇಳಿದ್ದಾರೆ. ಕ್ಯಾಪ್ಟನ್ ದಿನಾ ಮಧ್ಯಾಹ್ನ ಮೈಕಲ್ಲಿ ಬಂದು ಈಗ ಎಲ್ಲಿದೀವಿ, ನಾಳೆ ಹವಾಮಾನ ಹೇಗಿರುತ್ತೆ, ಎಡಗಡೆ ತಿಮಿಂಗಿಲ ಕಾಣ್ತಿದೆ ಓಡಿ ಅಂತೆಲ್ಲಾ ಹೇಳೋರು. ಮೊದಲ್ನೇ ರಾತ್ರಿನೇ ಹೆಡ್ ವೇಟರ್ ಟೇಬಲ್ ಹತ್ರ ಬಂದು ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ ಅಂತ ಬರ್ಕೊಂಡು ಮಾರನೇ ದಿನದಿಂದ ದಾಲ್, ಪಲ್ಯ, ಅನ್ನ ಮಾಡಿಸಿ ಕೊಟ್ರು.

ಈ ವರ್ಷ ಅತ್ತೆ ಮಾವ ಬಂದ್ರು, ಅವರಿಗೂ ಅದೇ ಬುಕ್ ಮಾಡಿದ್ವಿ, ಅದೇ ಹಡಗು, ಮೆನು ಕಾರ್ಡ್ ಕೂಡ ಅದೇ. ಆದ್ರೆ ಎಲ್ಲಾ ಸಪ್ಪೆ. ಊಟ ತಣ್ಣಗೆ ಬರೋದು, ವೇಟರ್‌ಗಳ ಮುಖದಲ್ಲಿ ಕಳೆ ಇಲ್ಲ, ವೆಜ್ ಕೇಳಿದ್ರೆ ಪಾಸ್ತಾ ಇದೆ ಸಲಾಡ್ ಇದೆ ಅಂತ ಅಷ್ಟೇ. ಬಫೆಯಲ್ಲಿ ಎರಡನೇ ದಿನದಿಂದ ನಾವೇ ಬಡಿಸ್ಕೊಳ್ಳೋಕೆ ಬಿಡ್ಲಿಲ್ಲ, ಅದಕ್ಕೆ ದೊಡ್ಡ ಸಾಲು, ಯಾಕೆ ಅಂತ ಯಾರೂ ಹೇಳ್ಲಿಲ್ಲ. ಮೈಕ್ ಆನ್ ಆದ್ರೆ ಬಿಂಗೋ, ಒಡವೆ ಸೇಲ್, ಫೋಟೋ ಡಿಸ್ಕೌಂಟ್. ಕೆಚಿಕನ್ ಕ್ಯಾನ್ಸಲ್ ಆಗಿದ್ದನ್ನ ಬೆಳಗ್ಗೆ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದ್ರು, ಮಾವ ರೇನ್‌ಕೋಟ್ ಹಾಕ್ಕೊಂಡು ರೆಡಿಯಾಗಿ ಕೂತಿದ್ರು ಪಾಪ.

ಇದೆಲ್ಲಾ ಕ್ಯಾಪ್ಟನ್ ಮೇಲೆ ಡಿಪೆಂಡಾ? ಅಥವಾ ಬೇರೆ ಯಾರ ಕೈಲಿದೆ? ಡಿಸೆಂಬರಲ್ಲಿ ಕೆರಿಬಿಯನ್ ಕಡೆ ಒಂದು ಪ್ಲಾನ್ ಇದೆ, ಬುಕ್ ಮಾಡೋಕೆ ಮುಂಚೆ ಏನು ನೋಡ್ಬೇಕು ಅಂತ ಗೊತ್ತಾದ್ರೆ ಒಳ್ಳೇದು.

ಪಣಂಬೂರ್_ಪೋರ್ಟ್‌ಸೈಡ್:

ನಾನು ಮಂಗ್ಳೂರಿನವ, ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಸೀದಾ ಹಡಗು ಹತ್ತಿದವ, ಅಸಿಸ್ಟೆಂಟ್ ವೇಟರ್ ಆಗಿ ಸೇರಿ ಹೆಡ್ ವೇಟರ್ ಆಗಿ ಇಳಿದು ಈಗ ಊರಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಕ್ಯಾಪ್ಟನ್ ಅಲ್ಲ ಮಾರಾಯ್ರೆ. ಹೋಟೆಲ್ ಡೈರೆಕ್ಟರ್. ಮದುವೆ ಮನೆಯಲ್ಲಿ ಬಾಗಿಲಲ್ಲಿ ನಿಂತು ಕೈಮುಗಿಯುವುದು ಹುಡುಗಿಯ ಅಪ್ಪ, ಆದ್ರೆ ಊಟ ಚಂದ ಆಗುದು ಕೆಡುದು ಅಡಿಗೆ ಭಟ್ರ ಕೈಯಲ್ಲಿ ಅಲ್ವಾ, ಹಾಗೆ.

ಹಡಗಲ್ಲಿ ಮೂರು ಡಿಪಾರ್ಟ್‌ಮೆಂಟ್ ಉಂಟು, ಡೆಕ್, ಇಂಜಿನ್, ಹೋಟೆಲ್. ಮೂರರ ಮೇಲೂ ಕ್ಯಾಪ್ಟನ್, ಅದು ಸರಿ. ಆದ್ರೆ ಜನ ಇರುದೆಲ್ಲ ಹೋಟೆಲಲ್ಲಿ. 2024ರಲ್ಲಿ ಬಂದ ಐಕಾನ್ ಆಫ್ ದ ಸೀಸ್ ನೋಡಿ, ಕ್ರೂ 2,350, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅಡಿಗೆ, ಬಡಿಸುದು, ರೂಮು, ಬಾರು, ಶೋ ಇಂಥದ್ದೇ. ಇವರೆಲ್ಲ ಎಕ್ಸಿಕ್ಯೂಟಿವ್ ಶೆಫ್, ಊಟ ಪಾನೀಯ ನೋಡುವ ಎಫ್ ಎಂಡ್ ಬಿ ಡೈರೆಕ್ಟರ್, ಚೀಫ್ ಹೌಸ್‌ಕೀಪರ್, ಗೆಸ್ಟ್ ಸರ್ವಿಸ್ ಮ್ಯಾನೇಜರ್ ಅಂತ ಬೇರೆ ಬೇರೆ ದೊಡ್ಡವರ ಕೆಳಗೆ, ಆ ದೊಡ್ಡವರೆಲ್ಲ ಹೋಟೆಲ್ ಡೈರೆಕ್ಟರ್ ಕೆಳಗೆ. ಮೈಕಲ್ಲಿ ಕುಣಿಯುವ ಕ್ರೂಸ್ ಡೈರೆಕ್ಟರ್ ಕೂಡ ಹೆಚ್ಚಿನ ಕಂಪೆನಿಗಳಲ್ಲಿ ಅವನ ಕೆಳಗೇ ಬರುದು. ನಿಮಗೆ ಹೋಟೆಲ್ ಡೈರೆಕ್ಟರ್ ಮುಖ ಕೂಡ ಗೊತ್ತಿರುದಿಲ್ಲ, ನಿಮ್ಮ ಒಂದು ವಾರ ಅವನ ಕೈಯಲ್ಲಿ ಇರ್ತದೆ.

ಈಗ ನಿಮ್ಮ ವಿಷಯಕ್ಕೆ ಬರ್ತೇನೆ. ಅಮ್ಮನಿಗೆ ದಾಲ್ ಪಲ್ಯ ಸಿಕ್ಕಿದ್ದು ಹೆಡ್ ವೇಟರ್ ಒಳ್ಳೆಯವ ಅಂತ ಮಾತ್ರ ಅಲ್ಲ. ಹೆಡ್ ವೇಟರ್ ಬರ್ಕೊಂಡು ಹೋದ್ರೆ ಸಾಕಾಗುದಿಲ್ಲ, ಗ್ಯಾಲಿಯಲ್ಲಿ, ಅಂದ್ರೆ ಹಡಗಿನ ಅಡಿಗೆ ಮನೆಯಲ್ಲಿ, ಮೆನುವಿನಲ್ಲಿ ಇಲ್ಲದ್ದು ಬೇಯಿಸ್ಲಿಕ್ಕೆ ಎಕ್ಸಿಕ್ಯೂಟಿವ್ ಶೆಫ್ ಹೂಂ ಅನ್ಬೇಕು. ಗ್ಯಾಲಿಯಲ್ಲಿ ನಮ್ಮವರು ಎಷ್ಟೋ ಜನ ಇರ್ತಾರೆ, ಗೋವಾದವರು, ಮಂಗ್ಳೂರಿನವರು, ಕೇರಳದವರು, ಒಗ್ಗರಣೆ ಹಾಕ್ಲಿಕ್ಕೆ ಅವರಿಗೆ ಖುಷಿಯೇ. ಆದ್ರೆ ಮೇಲಿನವ ಸ್ಟೋರಿಂದ ಸಾಮಾನು ಕೊಡುದಿಲ್ಲ, ಟೈಮಿಲ್ಲ ಅಂದ್ರೆ ಮುಗೀತು, ಹೆಡ್ ವೇಟರ್ ಪಾಸ್ತಾ ಉಂಟು ಅಂತ ನಗ್ತಾ ಹೇಳ್ಬೇಕು. ನಾನೂ ಹೇಳಿದ್ದೇನೆ, ಏನು ಮಾಡುದು.

ಬಫೆ ಬಂದ್ ಮಾಡಿ ಕ್ರೂನೇ ಬಡಿಸಿದ್ರು ಅಂದ್ರಲ್ಲ, ಹಡಗಲ್ಲಿ ಕೆಲವರಿಗೆ ವಾಂತಿ ಭೇದಿ ಶುರುವಾಗಿತ್ತು ಅಂತ ಲೆಕ್ಕ. ನೋರೋವೈರಸ್ ಡೌಟ್ ಬಂದ ಕೂಡ್ಲೇ ಸೆಲ್ಫ್ ಸರ್ವಿಸ್ ನಿಲ್ಲಿಸ್ತಾರೆ, ರೇಲಿಂಗ್, ಲಿಫ್ಟಿನ ಬಟನ್, ಉಪ್ಪಿನ ಡಬ್ಬಿ ಎಲ್ಲ ದಿನಕ್ಕೆ ಹತ್ತಾರು ಸಲ ಒರೆಸ್ಬೇಕು, ಅದು ಇದ್ದ ಕೆಲಸದ ಮೇಲೆ ಎಕ್ಸ್ಟ್ರಾ. ವೇಟರ್ ಮುಖದಲ್ಲಿ ಕಳೆ ಎಲ್ಲಿಂದ ಬರ್ತದೆ? ಪ್ಯಾಸೆಂಜರ್‌ಗಳಲ್ಲಿ ಅಥವಾ ಕ್ರೂನಲ್ಲಿ 3% ಜನ ಹುಷಾರಿಲ್ಲ ಅಂತ ಹೇಳಿದ್ರೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹಡಗಿನ ಹೆಸರು ಸಮೇತ ವೆಬ್‌ಸೈಟಲ್ಲಿ ಹಾಕ್ತದೆ, ಹಾಗಾಗಿ ಮೇಲಿನವರಿಗೆಲ್ಲ ಟೆನ್ಶನ್. ಅದರ ಮೇಲೆ ಸಿಡಿಸಿಯವರದ್ದೇ ಸ್ಯಾನಿಟೇಶನ್ ಇನ್‌ಸ್ಪೆಕ್ಷನ್, ನಾವು ಯುಎಸ್‌ಪಿಎಚ್ ಅಂತ ಹೇಳುದು, ಹೇಳದೆ ಕೇಳದೆ ಹತ್ತಿ ಬರ್ತಾರೆ, 100ಕ್ಕೆ 85 ಅಥವಾ ಕಡಿಮೆ ಬಂದ್ರೆ ಫೇಲ್. ಒಳ್ಳೆ ಹೋಟೆಲ್ ಡೈರೆಕ್ಟರ್ ಆದ್ರೆ ಇಂಥ ಟೈಮಲ್ಲಿ ಪ್ರತಿ ರೂಮಿಗೆ ಒಂದು ಚೀಟಿ ಕಳಿಸ್ತಾನೆ, ಹೀಗೀಗೆ ಆಗಿದೆ, ಕೈ ಸೋಪಲ್ಲೇ ತೊಳೀರಿ, ಸಾಲಿಗೆ ಕ್ಷಮಿಸಿ ಅಂತ. ಜನ ಅಡ್ಜಸ್ಟ್ ಮಾಡ್ಕೊಳ್ತಾರೆ. ಬಾಯಿ ಮುಚ್ಚಿ ಕೂತ್ರೆ ಎಲ್ಲರಿಗೂ ಸಿಟ್ಟು ಬರ್ತದೆ.

ಇನ್ನೊಂದು ಮುಖ್ಯ, ಕಾಂಟ್ರಾಕ್ಟ್. ನಮ್ಮಂಥವರಿಗೆ ಆರರಿಂದ ಒಂಬತ್ತು ತಿಂಗಳು, ಸೀನಿಯರ್ ಆಫೀಸರ್‌ಗಳಿಗೆ ಹೆಚ್ಚಾಗಿ ಮೂರು ತಿಂಗಳ ಆಸುಪಾಸು, ಆಮೇಲೆ ರಜೆ, ಅವರ ಜಾಗಕ್ಕೆ ಬೇರೆಯವ. ಹಾಗಾಗಿ ಹೋದ ವರ್ಷದ ಹಡಗು ಅಂತ ನೀವು ಹೇಳುದು ಬರೀ ಕಬ್ಬಿಣ ಮಾತ್ರ, ಒಳಗಿದ್ದ ಟೀಮ್ ಪೂರ್ತಿ ಬೇರೆ.

ಹುಬ್ಬಳ್ಳಿ_ಹುಡುಗ:

ಎಲ್ಲಾ ಖರೇ ಅದ ಅಣ್ಣಾ, ಆದ್ರ ಇದರಾಗ ಕಂಪನಿ ಆಫೀಸ್ ಪಾತ್ರ ಮರೀಬ್ಯಾಡ್ರಿ. ಟಿಕೆಟ್ ರೇಟು ಕಮ್ಮಿ ತೋರಿಸಿ ಹತ್ತಿಸ್ಕೊಂಡು ಆಮ್ಯಾಲೆ ಡ್ರಿಂಕ್ಸು, ಕ್ಯಾಸಿನೋ, ಸ್ಪಾ, ಫೋಟೋ, ಊರು ತೋರಿಸೋ ಶೋರ್ ಎಕ್ಸ್‌ಕರ್ಶನ್ ಅಂತ ಕಿತ್ಗೊಳ್ಳೋದ ಇವ್ರ ಧಂಧೆ. ಎಷ್ಟೋ ಹಡಗಿನ್ಯಾಗ ಸ್ಪಾ ಮತ್ತ ಪೇಂಟಿಂಗ್ ಹರಾಜು ನಡಸೋರು ಹೊರಗಿನ ಕಂಪನಿಯವ್ರು, ಅವ್ರಿಗೂ ಟಾರ್ಗೆಟ್, ಹಡಗಿಗೂ ಪಾಲು. ದಿನಾ ಸಂಜಿಗೆ ತಲಿಗೆ ಎಷ್ಟು ಖರ್ಚು ಮಾಡಿದ್ರು ಅನ್ನೋ ಲೆಕ್ಕ ದಂಡಿ ಮ್ಯಾಲಿನ ಆಫೀಸಿಗೆ ಹೋಗ್ತದ. ಅದು ಕಮ್ಮಿ ಆತಂದ್ರ ಮರುದಿನ ಮೈಕ್‌ನ್ಯಾಗ ಒಡವಿ ಸೇಲ್. ಕ್ರೂಸ್ ಡೈರೆಕ್ಟರ್ ಏನ್ ಮಾಡಬೇಕ್ರಿ ಪಾಪ, ಅಂವನ ಬಾಯಿ, ಮಾತು ಆಫೀಸಿಂದು.

ಬ್ರಿಡ್ಜ್_ವಾಚ್:

ಪಣಂಬೂರ್ ಹೇಳಿದ್ದು ಊಟ ರೂಮಿನ ಮಟ್ಟಿಗೆ ಸರಿ, ಆದ್ರೆ ಕ್ಯಾಪ್ಟನ್ ಪಾತ್ರಾನ ಅಷ್ಟು ಸುಲಭಕ್ಕೆ ಬದಿಗಿಡೋಕಾಗಲ್ಲ. ನಾನು ಡೆಕ್ ಸೈಡ್, ಮೊದಲು ಕಾರ್ಗೋ, ಆಮೇಲೆ ಸ್ವಲ್ಪ ಕಾಲ ಪ್ಯಾಸೆಂಜರ್ ಹಡಗು.

ಗ್ಲೇಸಿಯರ್ ಬೇ ಉದಾಹರಣೆ ತಗೊಳ್ಳಿ. ಅಲ್ಲಿ ನ್ಯಾಷನಲ್ ಪಾರ್ಕ್‌ನವರು ದಿನಕ್ಕೆ ಎರಡೇ ಕ್ರೂಸ್ ಹಡಗು ಬಿಡೋದು, ರೇಂಜರ್‌ಗಳು ಹಡಗು ಹತ್ತಿ ಮೈಕಲ್ಲಿ ವಿವರಿಸ್ತಾರೆ. ಮಾರ್ಜರಿ ಗ್ಲೇಸಿಯರ್ ಮುಂದೆ ಸುಮಾರು ಒಂದು ಗಂಟೆ ನಿಲ್ಲೋದು ವಾಡಿಕೆ. ಆ ಒಂದು ಗಂಟೇಲಿ ಹಡಗನ್ನ ನಿಧಾನಕ್ಕೆ ಪೂರ್ತಿ ಸುತ್ತು ತಿರುಗಿಸಿ ಎಡಗಡೆ ಬಾಲ್ಕನಿಯವರಿಗೂ ಬಲಗಡೆಯವರಿಗೂ ಹಿಮಗೋಡೆ ಕಾಣೋ ಹಾಗೆ ಮಾಡೋದು, ತೇಲೋ ಐಸ್ ನೋಡ್ಕೊಂಡು ಎಷ್ಟು ಹತ್ತಿರ ಹೋಗಬಹುದು ಅಂತ ತೀರ್ಮಾನ ಮಾಡೋದು, ಇದು ಹಡಗು ನಡೆಸೋ ಬ್ರಿಡ್ಜಿನ ಕೆಲಸ, ಹೋಟೆಲ್ ಡೈರೆಕ್ಟರ್‌ದಲ್ಲ. ಆ ನೀರು ಗೊತ್ತಿರೋ ಸ್ಥಳೀಯ ದಾರಿ ತೋರಿಸೋರು, ಪೈಲಟ್ ಅಂತೀವಿ, ಜೊತೆಗಿರ್ತಾರೆ, ಅಲಾಸ್ಕಾದ ಆ ಭಾಗದಲ್ಲಿ ಇಂಥ ಹಡಗುಗಳಿಗೆ ಪೈಲಟ್ ಕಡ್ಡಾಯ, ಆದ್ರೂ ಕೊನೇ ಮಾತು ಕ್ಯಾಪ್ಟನ್‌ದೇ.

ಕೆಚಿಕನ್ ಬಿಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಅದು ಇಕ್ಕಟ್ಟಿನ ಚಾನೆಲ್, ಈಗಿನ ಹಡಗುಗಳು ಅಪಾರ್ಟ್‌ಮೆಂಟ್ ಎತ್ತರ, ಪಕ್ಕದಿಂದ ಗಾಳಿ ಜೋರಾದ್ರೆ ಹಡಗನ್ನ ಪಕ್ಕಕ್ಕೆ ತಳ್ಳೋ ಥ್ರಸ್ಟರ್‌ಗಳಿಗೂ ಮಿತಿ ಇದೆ. ಸೋಲಾಸ್ ಅಂತ ಅಂತಾರಾಷ್ಟ್ರೀಯ ಒಪ್ಪಂದ ಇದೆಯಲ್ಲ, ಅದರ 5ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ, ಜೀವರಕ್ಷಣೆಗೆ ಅಗತ್ಯ ಅಂತ ಕ್ಯಾಪ್ಟನ್‌ಗೆ ಅನಿಸಿದ ನಿರ್ಧಾರವನ್ನ ಮಾಲೀಕರಾಗಲಿ ಕಂಪನಿಯಾಗಲಿ ತಡೆಯೋ ಹಾಗಿಲ್ಲ. ಹುಬ್ಬಳ್ಳಿಯವರು ಎಲ್ಲಾ ಆಫೀಸ್ ಆಫೀಸ್ ಅಂದ್ರಲ್ಲ, ಇಲ್ಲಿ ಮಾತ್ರ ಆಫೀಸ್ ಮಾತು ನಡೆಯಲ್ಲ.

ಆದ್ರೆ ಹೇಗೆ ಹೇಳ್ತಾರೆ ಅನ್ನೋದು ಬೇರೆ ವಿಷಯ, ಅಲ್ಲಿ ನಿಮ್ಮ ದೂರು ಸರಿ ಇದೆ. ಗಾಳಿ ಎಷ್ಟಿದೆ, ಎಷ್ಟು ಹೊತ್ತು ಕಾದು ನೋಡಿದ್ವಿ, ಬದಲಿಗೆ ಏನು ಮಾಡ್ತೀವಿ, ಇಷ್ಟನ್ನ ಕ್ಯಾಪ್ಟನ್ ತಾನೇ ಬಂದು ಎರಡು ನಿಮಿಷ ಹೇಳಿದ್ರೆ ಗೆಸ್ಟ್ ಸರ್ವಿಸ್ ಮುಂದೆ ಸಾಲೇ ಇರಲ್ಲ. ಕೆಲವರಿಗೆ ಮೈಕ್ ಅಂದ್ರೆ ಅಲರ್ಜಿ, ಹಡಗು ನಡೆಸೋದ್ರಲ್ಲಿ ಎತ್ತಿದ ಕೈ ಆದ್ರೆ ಮಾತು ಬರಲ್ಲ. ಉಲ್ಟಾನೂ ಇದೆ, ಅದು ಭಯಂಕರ. 2012 ಜನವರಿ 13ರ ಕೋಸ್ಟಾ ಕಾನ್ಕಾರ್ಡಿಯಾ ಎಲ್ಲರಿಗೂ ಗೊತ್ತು. ಇಟಲಿಯ ಜಿಲಿಯೋ ದ್ವೀಪದ ಪಕ್ಕದಲ್ಲೇ ಹಾದುಹೋಗಿ ಸೆಲ್ಯೂಟ್ ಹೊಡೆಯೋಕೆ ಹೋಗಿ ಬಂಡೆಗೆ ತಾಗಿಸಿದ್ದು, ಹಡಗಿನ ಮೇತ್ರ ಡೀ, ಅಂದ್ರೆ ಊಟದ ಹಾಲಿನ ಮುಖ್ಯಸ್ಥ, ಆ ದ್ವೀಪದವರು, ಅವರನ್ನ ಖುಷಿಪಡಿಸೋದೂ ಒಂದು ಕಾರಣ ಅಂತ ವಿಚಾರಣೆಲಿ ಬಂತು. ಜನಕ್ಕೆ ಮೈಕಲ್ಲಿ ಹೇಳಿದ್ದು ಏನು ಅಂದ್ರೆ ಬರೀ ಕರೆಂಟ್ ಪ್ರಾಬ್ಲಮ್ ಅಂತ. ಹಡಗು ಬಿಡಿ ಅನ್ನೋ ಆರ್ಡರ್ ಬರೋಕೆ ಒಂದು ಗಂಟೆ ಮೇಲಾಯ್ತು, 32 ಜನ ಸತ್ರು, ಕ್ಯಾಪ್ಟನ್ ಸ್ಕೆಟ್ಟಿನೋಗೆ 16 ವರ್ಷ ಜೈಲು. ಅದಾದ ಮೇಲೇ ಹಡಗು ಹೊರಡೋ ಮುಂಚೆ ಅಥವಾ ಹೊರಟ ತಕ್ಷಣ ಮಸ್ಟರ್ ಡ್ರಿಲ್, ಅಂದ್ರೆ ಅಪಾಯ ಬಂದ್ರೆ ಎಲ್ಲಿ ಸೇರ್ಬೇಕು ಅನ್ನೋ ಅಭ್ಯಾಸ, ಆಗಲೇಬೇಕು ಅಂತ ರೂಲ್ ಬಿಗಿ ಮಾಡಿದ್ದು, ಮುಂಚೆ 24 ಗಂಟೆ ಒಳಗೆ ಮಾಡಿದ್ರೆ ಸಾಕಿತ್ತು.

ಶಿರಸಿ_ಶ್ರೀಮತಿ:

ಮೈಕಿನ ವಿಷ್ಯ ಬಂತು ಅಂತ ಹೇಳ್ತಿ. 2020ರ ಫೆಬ್ರವರಿ, ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ನಿಂತಿತ್ತಲ್ಲ, 3,711 ಜನ, ಅದ್ರಲ್ಲಿ 712 ಜನಕ್ಕೆ ಕೊರೊನಾ. ಕ್ಯಾಪ್ಟನ್ ಜೆನ್ನಾರೊ ಅರ್ಮಾ ದಿನಾ ಮೈಕಲ್ಲಿ ಬಂದು ಹೊಸ ಕೇಸ್ ಎಷ್ಟು, ಯಾರನ್ನ ಯಾವಾಗ ಇಳಿಸ್ತಾರೆ ಅಂತ ಶಾಂತವಾಗಿ ಹೇಳ್ತಿದ್ದರಂತೆ, ಕಿಟಕಿ ಇಲ್ಲದ ರೂಮಲ್ಲಿ ಕೂತವರಿಗೆ ಅದೇ ಧೈರ್ಯ. ಮಾರ್ಚ್ 1ಕ್ಕೆ ಎಲ್ಲರೂ ಇಳಿದ ಮೇಲೆ ಕೊನೆಯವರಾಗಿ ಇಳಿದರು, ಇಟಲಿ ಸರ್ಕಾರ ಗೌರವಿಸಿತು, ಎಲ್ಲಾ ಸರಿ.

ಆದರೆ ಅದೇ ಹಡಗಲ್ಲಿ ಪ್ಯಾಸೆಂಜರ್‌ಗಳು ರೂಮಲ್ಲಿ ಬಾಗಿಲು ಹಾಕಿ ಕೂತಾಗ ಮೂರು ಹೊತ್ತು ಟ್ರೇ ಹಿಡಿದು ಬಾಗಿಲು ತಟ್ಟಿದ್ದು ಕ್ರೂ. ಒಂದೇ ಸಣ್ಣ ಕ್ಯಾಬಿನ್ನಲ್ಲಿ ಇಬ್ಬಿಬ್ಬರು ಮಲಗಿ, ಒಟ್ಟಿಗೆ ಮೆಸ್ಸಲ್ಲಿ ಉಂಡು. ಭಾರತದವರೇ 132 ಜನ ಕ್ರೂ ಇದ್ದರು. ಕೆಲವರು ನಮ್ಮನ್ನೂ ಬೇರೆ ಇಡಿ ಅಂತ ವಿಡಿಯೋ ಮಾಡಿ ಬೇಡಿಕೊಂಡಿದ್ದು ಟಿವಿಲಿ ಬಂದಿತ್ತು. ಕ್ಯಾಪ್ಟನ್ ದನಿ ಎಷ್ಟು ಚೆಂದ ಇದ್ದರೂ ಕೆಳಗಿನ ಡೆಕ್ಕಿಗೆ ಅದು ಸಾಕಾಗಲಿಲ್ಲ. ಹಾಗಾಗಿ ಪ್ಯಾಸೆಂಜರ್‌ಗೆ ಹೇಗನ್ನಿಸಿತು ಅನ್ನೋದೊಂದೇ ಅಳತೆ ಇಟ್ಟುಕೊಂಡು ದೊಡ್ಡವರಿಗೆ ಮಾರ್ಕ್ಸ್ ಕೊಡೋದು ನಂಗಂತೂ ಒಪ್ಪಿಗೆ ಇಲ್ಲೆ.

ಪಣಂಬೂರ್_ಪೋರ್ಟ್‌ಸೈಡ್:

ಶ್ರೀಮತಿಯವರೇ ನೀವು ಹೇಳಿದ್ದು ನೂರಕ್ಕೆ ನೂರು. ನಾನು ಅದನ್ನೇ ಇನ್ನೊಂದು ಕಡೆಯಿಂದ ಹೇಳುವ ಅಂತ ಇದ್ದೆ. ಕೆಳಗಿನ ಡೆಕ್ ಹೇಗೆ ಉಂಟೋ ಮೇಲಿನ ಡೆಕ್ಕಿನ ಊಟ ಹಾಗೆ ಇರ್ತದೆ, ಸ್ವಲ್ಪ ಲೇಟಾಗಿ ಗೊತ್ತಾಗ್ತದೆ ಅಷ್ಟೆ.

ಪೋರ್ಟಲ್ಲಿ ಹಡಗು ನಿಂತಾಗ ಎಲ್ಲ ಕ್ರೂ ಇಳಿಲಿಕ್ಕಿಲ್ಲ, ಇಷ್ಟು ಜನ ಒಳಗೇ ಇರ್ಬೇಕು ಅಂತ ಲಿಸ್ಟ್ ಇರ್ತದೆ, ಐಪಿಎಂ ಅಂತಾರೆ, ಇನ್ ಪೋರ್ಟ್ ಮ್ಯಾನಿಂಗ್. ಉಳಿದವರಿಗಾದ್ರೂ ಜೂನೋದಲ್ಲಿ ಎರಡು ಗಂಟೆ ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ಬರ್ಲಿಕ್ಕೆ ಆಗುವ ಹಾಗೆ ಡ್ಯೂಟಿ ಹಾಕುದು ದೊಡ್ಡವರ ಕೈಯಲ್ಲಿ. ಎಂಎಲ್‌ಸಿ 2006 ಅಂತ ಹಡಗಿನ ಕೆಲಸಗಾರರ ಅಂತಾರಾಷ್ಟ್ರೀಯ ಕಾನೂನಿನಲ್ಲಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸ್ಬಾರ್ದು ಅಂತ ಉಂಟು, ಕೆಲವು ಕಡೆ ಅದಕ್ಕೆ ಬದಲಾಗಿ ಇಷ್ಟು ಗಂಟೆ ರೆಸ್ಟ್ ಅಂತ ಲೆಕ್ಕ. ಮಿತಿ ಉಂಟು ಅಂತ ಮಿತಿಯ ತುದಿವರೆಗೆ ದುಡಿಸುವ ಮ್ಯಾನೇಜರ್ ಒಬ್ಬ, ಅದರೊಳಗೇ ಹುಡುಗರಿಗೆ ಉಸಿರಾಡ್ಲಿಕ್ಕೆ ಜಾಗ ಮಾಡುವವ ಇನ್ನೊಬ್ಬ. ನಾನು ನೋಡಿದ ಬೆಸ್ಟ್ ಹೋಟೆಲ್ ಡೈರೆಕ್ಟರ್ ಒಬ್ಬ ಇದ್ದ, ಮಧ್ಯಾಹ್ನ ರಶ್ ಟೈಮಲ್ಲಿ ಆಫೀಸಲ್ಲಿ ಕೂರ್ತಿರ್ಲಿಲ್ಲ, ಬಫೆಯಲ್ಲಿ ಟೈ ಕಟ್ಕೊಂಡೇ ಪ್ಲೇಟ್ ಎತ್ತುದು. ಆಗಾಗ ಕ್ರೂ ಮೆಸ್ಸಿಗೆ ಬಂದು ಅದೇ ಅನ್ನ ಸಾಂಬಾರು ತಿಂದು ಇದು ಯಾರು ಮಾಡಿದ್ದು, ಉಪ್ಪು ಎಲ್ಲಿ ಅಂತ ಶೆಫ್‌ನ ಕೇಳ್ತಿದ್ದ. ಕ್ರೂ ಡೆಕ್ಕಲ್ಲಿ ಉದ್ದಕ್ಕೆ ಒಂದು ದಾರಿ ಉಂಟು, ಎಷ್ಟೋ ಹಡಗಲ್ಲಿ ಅದಕ್ಕೆ ಐ-95 ಅಂತಲೇ ಹೆಸರು, ಅಲ್ಲಿ ಎದುರಾದವರ ಬ್ಯಾಡ್ಜ್ ನೋಡದೆ ಹೆಸರು ಹಿಡಿದು ಕರೀತಿದ್ದ. ಅವನ ಟೈಮಲ್ಲಿ ಯಾರೂ ನಮಗೆ ನಗಿ ಅಂತ ಟ್ರೈನಿಂಗ್ ಕೊಡ್ಲಿಲ್ಲ.

ಇನ್ನೊಂದು ಹಡಗು, ಹೆಸರು ಬೇಡ. ಅಲ್ಲಿ ಕೊನೆ ದಿನದ ಸರ್ವೇಯಲ್ಲಿ 10 ಬಿಟ್ಟು 9 ಬಂದ್ರೂ ಫೇಲ್ ಅಂತ ಲೆಕ್ಕ. ದಿನಾ ಸಂಜೆ ಮೀಟಿಂಗಲ್ಲಿ ಯಾರ ಸೆಕ್ಷನಿಗೆ ಎಷ್ಟು ಬಂತು ಅಂತ ಬೋರ್ಡಲ್ಲಿ ಬರೆದು ಎಲ್ಲರೆದುರು ಬೈಯುದು. ಏನಾಯ್ತು ಅಂದ್ರೆ ನಾವು ಬಿಸಿ ಊಟದ ಚಿಂತೆ ಬಿಟ್ಟು ಟೇಬಲ್ ಟೇಬಲ್‌ಗೆ ಹೋಗಿ ಸರ್ ದಯವಿಟ್ಟು 10 ಕೊಡಿ ಅಂತ ಭಿಕ್ಷೆ ಬೇಡ್ಲಿಕ್ಕೆ ಶುರು ಮಾಡಿದ್ದು. ರೇಟಿಂಗ್ ಬಂತು, ಊಟ ತಣ್ಣಗೆ ಆಯ್ತು.

ಹುಬ್ಬಳ್ಳಿ_ಹುಡುಗ:

ಸಾಂಬಾರ್‌ಗೆ ಉಪ್ಪು ಎಲ್ಲಿ ಅಂತ ಕೇಳೋ ಬಾಸ್ ನಮ್ಮ ಐಟಿ ಕಂಪನ್ಯಾಗ ಒಬ್ಬನೂ ಇಲ್ಲಲ್ರೀ 😂 ಹಂಗ ಒಂದ್ ಕೇಳ್ತೀನಿ, ಮಂಗಳೂರು ಬಂದರಕ್ಕೂ ಕ್ರೂಸ್ ಹಡಗು ಬರ್ತಾವಂತಲ್ಲ, ಅಲ್ಲೂ ಇದ ಕಥಿ ಏನು?

ಪಣಂಬೂರ್_ಪೋರ್ಟ್‌ಸೈಡ್:

ಬರ್ತವೆ, ಮಳೆಗಾಲ ಮುಗಿದ ಮೇಲೆ ಸೀಸನ್. ಬೆಳಿಗ್ಗೆ ಬಂದು ಸಂಜೆ ಹೊರಡುದು. ಬಸ್ಸಲ್ಲಿ ಕದ್ರಿ ದೇವಸ್ಥಾನ, ಸೈಂಟ್ ಅಲೋಶಿಯಸ್ ಚಾಪೆಲ್, ಮೂಡಬಿದ್ರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಫ್ಯಾಕ್ಟರಿ ಇಷ್ಟು ತೋರಿಸ್ತಾರೆ. ಅದರಲ್ಲಿ ಯಾವುದಕ್ಕೆ ಎಷ್ಟು ಬಸ್ಸು, ಬಿಸಿಲಲ್ಲಿ ವಯಸ್ಸಾದವರನ್ನ ಎಷ್ಟು ನಡೆಸುದು ಅಂತ ನೋಡ್ಕೊಳ್ಳುದು ಹಡಗಿನ ಶೋರ್ ಎಕ್ಸ್‌ಕರ್ಶನ್ ಮ್ಯಾನೇಜರ್, ಅವನೂ ಅದೇ ಟೀಮ್. ನಮ್ಮ ಊರಿನ ಹುಡುಗ್ರು ಆ ಹಡಗಲ್ಲಿ ಕೆಲಸಕ್ಕಿದ್ರೆ ಮನೆಯವರು ಗೇಟ್ ಹತ್ರ ಬಂದು ಕಾಯ್ತಾರೆ, ಐಪಿಎಂ ಹಾಕಿದ್ರೆ ಆ ದಿನ ಸೂಪರ್‌ವೈಸರಿಗೆ ಶಾಪ ಬೀಳ್ತದೆ.

ಸಿಯಾಟಲ್_ಸೊಸೆ:

ಅಯ್ಯೋ ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರ್ಲಿಲ್ಲ, ಮಾವನಿಗೂ ಓದಿ ಹೇಳಿದೆ, ಕೆಚಿಕನ್ ವಿಷಯದಲ್ಲಿ ಈಗ ಸ್ವಲ್ಪ ಸಮಾಧಾನ ಅವರಿಗೆ. ಪಣಂಬೂರ್ ಅವರೇ, ಪ್ರಾಕ್ಟಿಕಲ್ ಆಗಿ ಹೇಳಿ. ಹೋಟೆಲ್ ಡೈರೆಕ್ಟರ್ ಯಾರು ಅಂತ ಮುಂಚೆನೇ ತಿಳ್ಕೊಳ್ಳೋಕಾಗುತ್ತಾ? ಹತ್ತಿದ ಮೇಲೆ ಸರಿ ಇಲ್ಲ ಅನ್ನಿಸಿದ್ರೆ ಯಾರನ್ನ ಹಿಡೀಬೇಕು? ಬೇಜಾರಿಗೆ ಗ್ರಾಚುಟಿ, ಅದೇ ಬಿಲ್ಲಿಗೆ ಸೇರಿಸೋ ಟಿಪ್ಸ್, ತೆಗೆಸಿಬಿಡೋಣ ಅಂತ ನಮ್ಮೆಜಮಾನ್ರು ಹೇಳ್ತಿದ್ರು.

ಪಣಂಬೂರ್_ಪೋರ್ಟ್‌ಸೈಡ್:

ಗ್ರಾಚುಟಿ ಮಾತ್ರ ತೆಗೆಸ್ಬೇಡಿ. ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಅಂತ ಹಾಕ್ತಾರಲ್ಲ, ಅದು ನಿಮ್ಮ ರೂಮ್ ಹುಡುಗ, ವೇಟರ್, ನಿಮಗೆ ಕಾಣದ ಲಾಂಡ್ರಿಯವ ಇವರಿಗೆ ಹೋಗುದು. ಸಪ್ಪೆ ಮಾಡಿದ ಮ್ಯಾನೇಜರಿಗೆ ಅದರಿಂದ ಒಂದು ಪೈಸೆ ನಷ್ಟ ಇಲ್ಲ. ಕೆಚಿಕನ್‌ನ ಪೋರ್ಟ್ ಫೀ ವಾಪಸ್ ಬಂದಿದೆಯಾ ನೋಡಿ, ಸಾಮಾನ್ಯವಾಗಿ ನಿಮ್ಮ ಹಡಗಿನ ಅಕೌಂಟಿಗೇ ಹಾಕಿರ್ತಾರೆ.

ಮೊದಲೇ ತಿಳ್ಕೊಳ್ಳುದು ಕಷ್ಟ. ಫೇಸ್‌ಬುಕ್ಕಲ್ಲಿ ಆ ಹಡಗಿನ ಗ್ರೂಪ್ ಇದ್ರೆ ಈಗ ಒಳಗಿರುವವರನ್ನೇ ಕೇಳಿ, ಯಾರು ಹೋಟೆಲ್ ಡೈರೆಕ್ಟರ್, ಯಾರು ಕ್ರೂಸ್ ಡೈರೆಕ್ಟರ್, ಯಾವಾಗ ಸೈನ್ ಆಫ್ ಆಗಿ ಇಳಿತಾರೆ ಅಂತ. ಆರು ತಿಂಗಳ ಹಿಂದಿನ ರಿವ್ಯೂ ಓದಿ ಹಾಸಿಗೆ ಹೇಗುಂಟು, ಬಾಲ್ಕನಿ ಎಷ್ಟು ದೊಡ್ಡದು ಅಷ್ಟು ನೋಡಿ, ಸರ್ವಿಸ್ ಬಗ್ಗೆ ಬರೆದದ್ದು ಬಿಟ್ಬಿಡಿ.

ಹತ್ತಿದ ಮೇಲೆ ಊಟದ್ದಾದ್ರೆ ಮೊದಲ ರಾತ್ರಿನೇ ಹೆಡ್ ವೇಟರ್ ಹತ್ರ ಹೇಳಿ, ಏನು ಬೇಡ ಅನ್ನುದರ ಜೊತೆಗೆ ಏನು ಮಾಡಿದ್ರೆ ಸಾಕು ಅಂತಲೂ ಹೇಳಿ, ಅನ್ನ, ಬೇಳೆ, ಒಂದು ಪಲ್ಯ ಅಂತ, ಆಗ ಶೆಫ್‌ಗೆ ಸುಲಭ. ಎರಡನೇ ದಿನವೂ ಆಗ್ಲಿಲ್ಲ ಅಂದ್ರೆ ಗೆಸ್ಟ್ ಸರ್ವಿಸ್‌ಗೆ ಹೋಗಿ ಇದನ್ನ ಹೋಟೆಲ್ ಡೈರೆಕ್ಟರ್‌ಗೆ ತಲುಪಿಸಿ ಅಂತ ಆ ಹೆಸರು ಹಿಡಿದೇ ಹೇಳಿ, ಅವರು ಕಂಪ್ಯೂಟರಲ್ಲಿ ಎಂಟ್ರಿ ಮಾಡ್ತಾರೆ, ಎಂಟ್ರಿ ಆಯ್ತು ಅಂದ್ರೆ ಬೆಳಿಗ್ಗೆ ಮೀಟಿಂಗಲ್ಲಿ ಯಾರಾದ್ರೊಬ್ಬ ಉತ್ತರ ಕೊಡ್ಲೇಬೇಕು. ಜೋರು ಮಾಡ್ಬೇಡಿ, ಕೌಂಟರಲ್ಲಿ ನಿಂತವಳ ಕೈಯಲ್ಲಿ ಏನೂ ಇಲ್ಲ. ಮನೆಗೆ ಬಂದ ಮೇಲೆ ಇಮೇಲ್ ಬರೆದ್ರೆ ಆಫೀಸಿನವರು ಮುಂದಿನ ಸಲಕ್ಕೆ ಕೂಪನ್ ಕೊಡ್ತಾರೆ ಅಷ್ಟೆ, ನಿಮ್ಮ ಮಾವನ ಊಟ ಬಿಸಿ ಆಗುದಿಲ್ಲ.

ಮತ್ತೆ ಯಾರಾದ್ರೂ ಚಂದ ನೋಡ್ಕೊಂಡ್ರೆ ಸರ್ವೇಯಲ್ಲಿ ಅವರ ಹೆಸರು, ಡಿಪಾರ್ಟ್‌ಮೆಂಟ್ ಸರಿಯಾಗಿ ಬರೀರಿ, ಬ್ಯಾಡ್ಜ್ ಫೋಟೋ ತೆಗ್ದಿಟ್ಕೊಳ್ಳಿ, ಇಲ್ಲದಿದ್ರೆ ಮರ್ತು ಹೋಗ್ತದೆ. ಪ್ರಮೋಶನ್ ಟೈಮಲ್ಲಿ ಅದನ್ನ ನೋಡ್ತಾರೆ, ನನಗೆ ಹೆಡ್ ವೇಟರ್ ಸಿಕ್ಕಿದ್ದರಲ್ಲಿ ಅಂಥ ಕಾಗದಗಳ ಪಾಲು ದೊಡ್ಡದು.

ಸಿಯಾಟಲ್_ಸೊಸೆ:

ಸರಿ, ಗ್ರಾಚುಟಿ ಮುಟ್ಟಲ್ಲ. ಅಕೌಂಟ್ ಚೆಕ್ ಮಾಡ್ದೆ, ಪೋರ್ಟ್ ಫೀ ನಿಜವಾಗ್ಲೂ ವಾಪಸ್ ಹಾಕಿದ್ದಾರೆ, ನಾವೇ ನೋಡಿರ್ಲಿಲ್ಲ. ಡಿಸೆಂಬರ್ ರೂಟಲ್ಲಿ ಗ್ರಾಂಡ್ ಕೇಮನ್ ಇದೆ, ಅಲ್ಲೂ ಹೀಗೆ ಕ್ಯಾನ್ಸಲ್ ಆಗೋ ಚಾನ್ಸ್ ಇದೆಯಾ ಬ್ರಿಡ್ಜ್_ವಾಚ್ ಅವರೇ?

ಬ್ರಿಡ್ಜ್_ವಾಚ್:

ಇದೆ. ಗ್ರಾಂಡ್ ಕೇಮನ್ನಿನ ಬಂದರು ಜಾರ್ಜ್ ಟೌನಲ್ಲಿ ದೊಡ್ಡ ಹಡಗು ನಿಲ್ಲೋಕೆ ಪಿಯರ್, ಅಂದ್ರೆ ಕಟ್ಟೆ, ಇಲ್ಲ, ದೂರದಲ್ಲಿ ನಿಂತು ಟೆಂಡರ್ ದೋಣಿಲಿ ಇಳಿಸ್ತಾರೆ. ಅಲೆ ಎದ್ರೆ ವಯಸ್ಸಾದವರನ್ನ ಹಡಗಿಂದ ದೋಣಿಗೆ ದಾಟಿಸೋದು ಅಪಾಯ, ಕ್ಯಾಪ್ಟನ್ ಬೇಡ ಅಂತಾರೆ. ಅಲ್ಲಿ ಹೊರಗಿನವರ ಟೂರ್ ಬುಕ್ ಮಾಡೋದಾದ್ರೆ ಹಡಗು ಬರದಿದ್ರೆ ದುಡ್ಡು ವಾಪಸ್ ಅಂತ ಬರೆದಿರೋದನ್ನೇ ನೋಡಿ ಮಾಡಿ.